ನಲವತ್ತೊಂದನೇ ಬಾಗಿಲಿನ ದೀಪ

"ದೀಪ ಹಸಿರಾಗಿತ್ತು" ಎಂದು ತುಳಸು ಅಂಬಿಗ ಏಳು ಸಲ ಹೇಳಿದ್ದಳು. ಇಂಜಿನಿಯರ್ ವಾರಿಜಾ ಹೇಳಿಕೆಯ ಹಾಳೆಗಳನ್ನು ತಿರುವಿ ಎಣಿಸಿದಳು. ಆಂಬುಲೆನ್ಸಿನವನಿಗೆ ಒಂದು ಸಲ, ಪೊಲೀಸರಿಗೆ ಎರಡು ಸಲ, ಕಾಲು ಕತ್ತರಿಸುವ ಮೊದಲು ವೈದ್ಯರಿಗೆ ಒಂದು ಸಲ, ಕತ್ತರಿಸಿದ ಮೇಲೆ ಒಂದು ಸಲ, ಉಳಿದ ಎರಡು ಸಲ ಕಂಪನಿಯ ವಕೀಲರಿಗೆ. ಏಳನೆಯ ಉತ್ತರದ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ಮತ್ತೆ ಅದೇ ರಾಗ."

ಜೊತೆಗಿದ್ದ ವರದಿಯ ಕೊನೆಯಲ್ಲಿ ವಾರಿಜಾ ಸಹಿ ಹಾಕಬೇಕಾದ ಜಾಗ ಖಾಲಿ ಇತ್ತು.

"ಓದೋದೇನಿದೆ ಅದರಲ್ಲಿ? ತಾಂತ್ರಿಕ ವರದಿ ಸರಿ ಇದೆ ಅಂತ ಒಂದು ಸಹಿ ಹಾಕಿ. ನಾಡಿದ್ದು ವಿಚಾರಣೆ ಮುಗಿದ್ರೆ ನಾವೂ ಬದುಕ್ತೀವಿ" ಎಂದರು ಮುರಗೋಡ. ನೀರ್ಗಾವಲು ಯೋಜನೆಗೆ ಅವರೇ ಮುಖ್ಯಸ್ಥರು. ಅವರ ಹಿಂದೆ, ನಿಯಂತ್ರಣ ಕೊಠಡಿಯ ಗೋಡೆಯ ಉದ್ದಕ್ಕೂ, ಕರಾವಳಿಯ ನೂರಾ ಹದಿನೆಂಟು ಬಾಗಿಲುಗಳು ಪುಟ್ಟ ಚೌಕಗಳಾಗಿ ಮಿನುಗುತ್ತಿದ್ದವು.

ಸಮುದ್ರ ಒಂದು ಮೊಳದಷ್ಟು ಮೇಲೆ ಬಂದಮೇಲೆ ಉತ್ತರ ಕನ್ನಡದ ಗಜನಿ ಗದ್ದೆಗಳನ್ನು ಹಳೆಯ ಮರದ ಹಲಗೆಗಳು ಕಾಯಲಾರದೆ ಹೋದವು. ಗಜನಿಯೆಂದರೆ ಹೊಳೆ ಕಡಲು ಸೇರುವ ಕಡೆಯ ತಗ್ಗು ಗದ್ದೆ. ಉಪ್ಪುನೀರನ್ನು ಹೊರಗಿಟ್ಟು ಮಳೆನೀರನ್ನು ಹೊರಬಿಡುವ ಬಾಗಿಲೇ ಅದರ ಪ್ರಾಣ. ಅಂಥ ಬಾಗಿಲುಗಳನ್ನೆಲ್ಲ ಕಬ್ಬಿಣದಲ್ಲಿ ಮಾಡಿ, ಒಂದೊಂದಕ್ಕೂ ಒಂದೊಂದು ಗಣಕವನ್ನು ಕೂರಿಸಿ, ಅವು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಏಳುವಂತೆ, ಬೀಳುವಂತೆ ಮಾಡಿದ್ದೇ ನೀರ್ಗಾವಲು. ಮನುಷ್ಯ ಬೇಕಾಗುತ್ತಿದ್ದದ್ದು ಒಂದೇ ಕೆಲಸಕ್ಕೆ. ಇಳಿತದ ಹೊತ್ತಿನಲ್ಲಿ ಬಾಗಿಲಿನ ತಳಕ್ಕಿಳಿದು, ಹಲಗೆ ಕೂರುವ ಸಂದಿನಲ್ಲಿ ಬೆಳೆದ ಚಿಪ್ಪನ್ನು ಉಳಿಯಿಂದ ಕೆರೆದು ತೆಗೆಯಬೇಕು. ಅದನ್ನು ಮಾಡುತ್ತಿದ್ದವರು ಹೆಂಗಸರು. ಇಳಿಯುವ ಮುನ್ನ ದಡದ ಪೆಟ್ಟಿಗೆಯಲ್ಲಿ 'ಇಳಿಯುತ್ತೇನೆ' ಎಂಬ ಗುಂಡಿ ಒತ್ತಬೇಕು. ಕೆಂಪು ದೀಪ ಹಸಿರಾದರೆ ಇಳಿಯಬಹುದು.

ವರದಿಯ ಪ್ರಕಾರ ನಡೆದದ್ದು ಇಷ್ಟು. ನಲವತ್ತೊಂದನೇ ಬಾಗಿಲು ಮುಚ್ಚಲು ತೀರ್ಮಾನಿಸಿದ್ದು ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಏಳನೆಯ ಸೆಕೆಂಡಿಗೆ. ತುಳಸು ಗುಂಡಿ ಒತ್ತಿದ್ದು ಹತ್ತೊಂಬತ್ತನೆಯ ಸೆಕೆಂಡಿಗೆ. ತೀರ್ಮಾನ ಆದಮೇಲೆ ಬಂದ ಕರೆಗೆ ದೀಪ ಹಸಿರಾಗುವುದು ಸಾಧ್ಯವಿಲ್ಲ. ಆದ್ದರಿಂದ ಕೆಂಪು ದೀಪವನ್ನು ಲೆಕ್ಕಿಸದೆ ಆಕೆ ಇಳಿದಿದ್ದಾಳೆ. ಆದ್ದರಿಂದ ಆಕೆ ಹೇಳುತ್ತಿರುವುದು ಸುಳ್ಳು.

"ದೀಪ ಯಾವಾಗ ಹತ್ತಿತು ಅನ್ನೋದು ದಾಖಲೆಯಲ್ಲಿ ಇಲ್ವಲ್ಲ ಸರ್?"

"ದೀಪವನ್ನ ಯಾರು ದಾಖಲಿಸ್ತಾರೆ ವಾರಿಜಾ? ದೀಪ ಅಂದ್ರೆ ದೀಪ. ವಿನ್ಯಾಸದ ಪುಸ್ತಕದಲ್ಲಿ ಇದೆಯಲ್ಲ, ಬಾಗಿಲು ಒಪ್ಪಿದ ಮೇಲೇ ಹಸಿರು ಅಂತ. ಆ ಹೆಂಗಸಿನ ಮಾತು ನಂಬ್ತೀರೋ, ಪುಸ್ತಕ ನಂಬ್ತೀರೋ?"

ವಾರಿಜಾ ಎರಡನ್ನೂ ಬದಿಗಿಟ್ಟು, ಬಾಗಿಲಿನೊಳಗೆ ನಿಜವಾಗಿ ಓಡುತ್ತಿದ್ದ ತಂತ್ರಾಂಶವನ್ನು ತೆರೆದಳು.

ಅದರೊಳಗೆ ಮೂವರು ಕೆಲಸಗಾರರಿದ್ದಾರೆ ಎಂದುಕೊಳ್ಳಿ. ನೀರು ನೋಡುವವನು ಒಬ್ಬ, ಗುಂಡಿಯ ಕರೆ ಕೇಳುವವನು ಒಬ್ಬ, ಹಲಗೆ ಇಳಿಸುವವನು ಒಬ್ಬ. ಮೂವರೂ ಏಕಕಾಲಕ್ಕೆ ದುಡಿಯುತ್ತಾರೆ, ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಹೇಳಬೇಕಾದದ್ದನ್ನು ನಡುವೆ ಇಟ್ಟ ಒಂದು ಸ್ಲೇಟಿನ ಮೇಲೆ ಬರೆಯುತ್ತಾರೆ. ಹಲಗೆಯವನು ಸ್ಲೇಟು ನೋಡುತ್ತಾನೆ: ತಳದಲ್ಲಿ ಯಾರೂ ಇಲ್ಲ. ಸರಿ ಎಂದು ಬೆನ್ನು ತಿರುಗಿಸಿ ಅಕ್ಕಪಕ್ಕದ ಬಾಗಿಲುಗಳ ಒಪ್ಪಿಗೆ ಕೇಳುತ್ತಾನೆ. ಒಪ್ಪಿಗೆ ಬರಲು ಇಪ್ಪತ್ತು ಸೆಕೆಂಡಾದರೂ ಬೇಕು, ಕೆಲವೊಮ್ಮೆ ಒಂದೆರಡು ನಿಮಿಷವೂ. ಅಷ್ಟರಲ್ಲಿ ಗುಂಡಿಯವನು ಬಂದು 'ಒಬ್ಬರು ಇಳಿದಿದ್ದಾರೆ' ಎಂದು ಬರೆಯುತ್ತಾನೆ. ಒಪ್ಪಿಗೆ ಸಿಕ್ಕ ಹಲಗೆಯವನು ಸ್ಲೇಟಿನತ್ತ ಮತ್ತೆ ತಿರುಗದೆ ಹಲಗೆ ಇಳಿಸಿಬಿಡುತ್ತಾನೆ. ಒಂದು ಸಲ ನೋಡಿದ್ದೇನಲ್ಲ! ಎಚ್ಚರಿಕೆಯ ಗಂಟೆಯನ್ನೂ ಬಾರಿಸುವುದಿಲ್ಲ. ಯಾರೂ ಇಲ್ಲದಲ್ಲಿ ಗಂಟೆ ಬಾರಿಸಿ ಯಾರಿಗೆ ಕೇಳಿಸಬೇಕು?

ಕಾಗದದ ಮೇಲಿನ ತಪ್ಪಾದರೆ ಅಳಿಸಿ ಬರೆಯಬಹುದು. ತುಳಸುವಿನ ಕಾಲಿನ ಮೇಲೆ ಇಳಿದ ಮೂರು ಟನ್ನು ಕಬ್ಬಿಣಕ್ಕೆ ಅಳಿಸುವುದು ಗೊತ್ತಿಲ್ಲ.

ಆದರೂ ದೀಪ ಕೆಂಪಾಗಿಯೇ ಉಳಿದಿದ್ದರೆ ತುಳಸು ಇಳಿಯುತ್ತಿರಲಿಲ್ಲ. ವಾರಿಜಾ ದೀಪದ ಸಾಲನ್ನು ಹುಡುಕಿದಳು. ಸಿಕ್ಕಿತು. ಗುಂಡಿ ಒತ್ತಿದ ಕ್ಷಣಕ್ಕೇ ಹಸಿರು. ಬಾಗಿಲನ್ನು ಕೇಳುವುದೇ ಇಲ್ಲ. ಪಕ್ಕದಲ್ಲಿ ಟಿಪ್ಪಣಿ: "ತಾತ್ಕಾಲಿಕ. ಉದ್ಘಾಟನೆ ಮುಗಿದ ಮೇಲೆ ಸರಿಪಡಿಸುವುದು." ಕೆಳಗೆ ಬರೆದವರ ಹೆಸರು.

ವಾರಿಜಾ.

ಅವಳಿಗೆ ಎಲ್ಲವೂ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಉದ್ಘಾಟನೆಗೆ ಎರಡು ದಿನ ಮುಂಚೆ, ಪ್ರಾತ್ಯಕ್ಷಿಕೆಯಲ್ಲಿ ಗುಂಡಿ ಒತ್ತಿದ ಮೇಲೆ ದೀಪ ಹಸಿರಾಗಲು ಇಪ್ಪತ್ತು ಸೆಕೆಂಡು ಹಿಡಿದಿತ್ತು. "ಅತಿಥಿಗಳು ಗುಂಡಿ ಒತ್ತಿ ದೇವರ ಮುಂದೆ ನಿಂತ ಹಾಗೆ ನಿಲ್ಬೇಕೇನ್ರೀ? ಒತ್ತಿದ ಕೂಡಲೇ ಹತ್ತೋ ಹಾಗೆ ಮಾಡಿ" ಎಂದಿದ್ದರು ಮುರಗೋಡ. ಮಾಡಿದ್ದಳು. ಉದ್ಘಾಟನೆ ಚೆನ್ನಾಗಿ ಆಯಿತು. ಅವಳನ್ನು ಬೇರೆ ಯೋಜನೆಗೆ ಕಳಿಸಿದರು. ಪುಸ್ತಕದಲ್ಲಿ ಹಳೆಯ ಮಾತು ಉಳಿಯಿತು, ಬಾಗಿಲುಗಳಲ್ಲಿ ಹೊಸ ಸುಳ್ಳು ಉಳಿಯಿತು.

ದೀಪದೆದುರು ಸುಳ್ಳು ಹೇಳಬಾರದೆಂದು ಕಲಿಸಿದ ಮನೆಯಲ್ಲಿ ಬೆಳೆದವಳು, ದೀಪಕ್ಕೇ ಸುಳ್ಳು ಹೇಳಲು ಕಲಿಸಿದ್ದಳು.

*

ಮರುದಿನ ಮಧ್ಯಾಹ್ನ, ನಲವತ್ತೊಂದನೇ ಬಾಗಿಲಿದ್ದ ಬಿಳಿಗಜನಿ ಊರಿನಲ್ಲಿ ತುಳಸುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯವನು ಬಾಯಿ ತುಂಬ ನಕ್ಕು, "ಹಸಿರುದೀಪದ ತುಳಸು ಮನೆ ಬೇಕೇನ್ರಾ? ಮುಂದೆ ಹೋಗಿ, ಎಡಕ್ಕೆ" ಎಂದ.

ತುಳಸು ಜಗುಲಿಯ ಮೇಲೆ ಕುಳಿತು ಬಲೆಯ ಹರಕು ಕಟ್ಟುತ್ತಿದ್ದಳು. ಸೀರೆಯ ಕೆಳಗೆ ಒಂದೇ ಪಾದ ಕಾಣುತ್ತಿತ್ತು. ಬಾಗಿಲ ಬಳಿ ಅವಳ ಅತ್ತೆ ದೇವಮ್ಮ ಮೀನು ಹೆರೆಯುತ್ತಿದ್ದಳು.

"ಕಂಪನಿಯವ್ರಾ?" ಎಂದಳು ದೇವಮ್ಮ, ಕತ್ತಿಯಿಂದ ಕಣ್ಣೆತ್ತದೆ. "ಇನ್ನೊಂದು ಕಾಲು ಉಂಟು, ಅದ್ನೂ ಬರ್ಕಂಡು ಹೋಗಿ."

"ಅತ್ತೇ, ಸುಮ್ನಿರು. ಕೂತ್ಕಳಿ ಅಕ್ಕೋರೆ" ಎಂದಳು ತುಳಸು. "ನೀವು ಎಂಟನೇಯವ್ರು. ಹೇಳೂದು ಅದೇ. ದೀಪ ಹಸಿರಾಗಿತ್ತು."

"ನಾನು ಅದನ್ನ ಕೇಳೋಕೆ ಬಂದಿಲ್ಲ" ಎಂದಳು ವಾರಿಜಾ. ಆದರೆ ಯಾತಕ್ಕೆ ಬಂದೆ ಎಂಬುದನ್ನು ಬಿಟ್ಟು ಬೇರೆಯದನ್ನು ಕೇಳಿದಳು. "ಮುಂಚೆ, ಮರದ ಬಾಗಿಲಿದ್ದಾಗ, ಹೇಗೆ ಇಳೀತಿದ್ರಿ?"

ತುಳಸು ಬಲೆ ಕೆಳಗಿಟ್ಟಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಆವಾಗ ಹಮ್ಮಣ್ಣ ಗೌಡ ಬಾಗಿಲು ಕಾಯ್ತಿದ್ದ. ನಾವು ಮೇಲಿಂದ 'ಇಳೀತೆ' ಅಂತ ಕೂಗೂದು. ಅವ 'ಇಳಿ' ಅನ್ಬೇಕು. ಅಂದ್ಕಂಡು ಎದ್ದ ಹಲಗೆ ಕೆಳಗೆ ಗೂಟ ಕೊಟ್ಟು, ಆ ಗೂಟದ ಮೇಲೇ ಕೂತ್ಕಂತಿದ್ದ. ಎಲೆ ಅಡಿಕೆ ಹಾಕ್ಕಂಡು, ನಾವು ಮೇಲೆ ಬರೂವರೆಗೂ. ನಾವು ಬಂದು 'ಬಂದೆ' ಅಂದಮೇಲೇ ಅವ ಏಳೂದು. ಅವ ಏಳದೆ ಹಲಗೆ ಇಳಿಯೂಕೆ ಸಾಧ್ಯವೇ ಇಲ್ಲಾಗಿತ್ತು."

"ಅವ ಉಚ್ಚೆಗೂ ಏಳ್ತಿರ್ಲಿಲ್ಲ" ಎಂದಳು ದೇವಮ್ಮ. "ಅವ್ನ ಹೆಂಡ್ತಿ ಊಟ ಅಲ್ಲಿಗೇ ತಂದ್ಕೊಡ್ತಿದ್ಳು, ಬೈಕಂತ."

ವಾರಿಜಾ ನಗಲು ಹೋಗಿ ನಗಲಾರದೆ ಹೋದಳು. ಅವಳ ಅಜ್ಜ ಹಾವೇರಿಯ ಮಠದಲ್ಲಿ ಭಾರತ ಓದುತ್ತಿದ್ದರು. ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಓದುವವರ ರಾಗ ನಿಂತಿತೆಂದು ಅರ್ಥ ಹೇಳುವವರು ತಾವೇ ಊಹಿಸಿಕೊಳ್ಳುತ್ತಿರಲಿಲ್ಲ. ಉಸಿರಿಗಾಗಿ ನಿಂತದ್ದೂ ಇರಬಹುದಲ್ಲ. ಅಜ್ಜ ಕಣ್ಣೆತ್ತಿ ನೋಡಿ ತಲೆದೂಗಿದ ಮೇಲೆಯೇ ಅವರು ಬಾಯಿ ತೆರೆಯುತ್ತಿದ್ದದ್ದು. ಕಂಬಕ್ಕೊರಗಿ ಕೇಳುತ್ತಿದ್ದ ಪುಟ್ಟ ವಾರಿಜಾಳಿಗೆ ಅದು ದೊಡ್ಡವರ ಮರ್ಯಾದೆಯಂತೆ ಕಂಡಿತ್ತು.

ನೀರ್ಗಾವಲು ಶುರುವಾಗುವ ಮುಂಚೆ ಒಂದು ತಂಡ ಇಲ್ಲಿಗೆ ಬಂದು ಹಮ್ಮಣ್ಣ ಗೌಡನ ಕೆಲಸವನ್ನೆಲ್ಲ ಬರೆದುಕೊಂಡು ಹೋಗಿತ್ತು. ಆ ಟಿಪ್ಪಣಿಯನ್ನು ವಾರಿಜಾ ಓದಿದ್ದಳು: "ಕೆಲಸಗಾರ್ತಿ ಕೂಗುತ್ತಾಳೆ. ಕಾವಲುಗಾರ ಔಪಚಾರಿಕವಾಗಿ ಉತ್ತರಿಸಿ ಕುಳಿತುಕೊಳ್ಳುತ್ತಾನೆ." ಕೂಗು ಗುಂಡಿಯಾಯಿತು. ಉತ್ತರವನ್ನು ಮರ್ಯಾದೆಯ ಮಾತೆಂದು ಕೈಬಿಟ್ಟರು. ಕುಳಿತುಕೊಳ್ಳುವುದನ್ನು ಸೋಮಾರಿತನವೆಂದು ಕೈಬಿಟ್ಟರು. ನೂರಾರು ಮಂದಿಯ ಜೀವ ಕಾದಿದ್ದು ಆ ಸೋಮಾರಿತನವೇ ಎಂಬುದು ಒಬ್ಬ ಇಂಜಿನಿಯರನ ತಲೆಗೂ ಹೊಳೆಯಲಿಲ್ಲ.

"ಕಾಲು ಹೋಯ್ತು, ಆಯ್ತು" ಎಂದಳು ತುಳಸು ಮೆಲ್ಲಗೆ. "ನಮ್ಮ ಗುಂಪಿನ ಐದು ಜನರನ್ನೂ ಕೆಲ್ಸದಿಂದ ತೆಗ್ದ್ರು, ನಿಯಮ ಮೀರೂರು ಅಂದ್ಕಂಡು. ಈಗ ಅವ್ರು ನಂಗೆ ಮಾತಾಡ್ಸೂದಿಲ್ಲ. ನಂಗೂ ಒಂದೊಂದ್ ಸಲ ಅನ್ನಿಸ್ತದೆ, ಕೆಂಪೇ ಇತ್ತೇನ, ನನ್ನ ಕಣ್ಣೇ ಸುಳ್ಳೇನ ಅಂತ. ಇದು ಯಾವ ನ್ಯಾಯ ಹೇಳಿ ಅಕ್ಕೋರೆ? ಕಾಲಿನ ಸಂಗ್ತಿಗೆ ನನ್ನ ಕಣ್ಣನ್ನೂ ಕಿತ್ಕಂಡ್ರು."

ವಾರಿಜಾ ಎದ್ದು ನಿಂತಳು. "ನಾಳೆ ವಿಚಾರಣೆಗೆ ನೀವು ಬರಬೇಕು. ಬಾಗಿಲ ಹತ್ತಿರಾನೇ ಮಾಡ್ತಾರೆ" ಎಂದಷ್ಟೇ ಹೇಳಿದಳು. ಇನ್ನೊಂದು ಮಾತು ಹೇಳಬೇಕಿತ್ತು. ಹೇಡಿಯಂತೆ ಅದನ್ನು ನುಂಗಿಕೊಂಡು ಬಂದಳು.

*

ವಿಚಾರಣಾಧಿಕಾರಿ ಇನಾಯತುಲ್ಲಾ ಅವರು ಬೆಳಿಗ್ಗೆ ಹತ್ತೂವರೆಗೆ ಬಿಳಿಗಜನಿಯ ಕಟ್ಟೆಯ ಮೇಲೆ ನಿಂತಿದ್ದರು. ಬಿಳಿ ಗಡ್ಡ, ಕೈಯಲ್ಲಿ ಛತ್ರಿ. ನೀರು ಪೂರ್ತಿ ಇಳಿದು ಹೊಳೆಯ ತಳದ ಕೆಸರು ಹೊಳೆಯುತ್ತಿತ್ತು. ಮುರಗೋಡ, ವಕೀಲ, ಹೇಳಿಕೆ ಬರೆದುಕೊಳ್ಳುವ ಗುಮಾಸ್ತ. ತುಸು ದೂರದಲ್ಲಿ ಊರಿನವರು. ಮೊಂಡುಗಾಲಿಗೆ ಊರುಗೋಲು ಕೊಟ್ಟುಕೊಂಡು ತುಳಸು.

ವಕೀಲರು ವರದಿ ಓದಿ ಮುಗಿಸಿದರು. "ತಾಂತ್ರಿಕ ಅಂಶಗಳನ್ನು ಇಂಜಿನಿಯರ್ ವಾರಿಜಾ ಅವರು ದೃಢೀಕರಿಸುತ್ತಾರೆ."

"ಸಾಹೇಬರೇ, ಓದೋದರ ಬದಲು ತೋರಿಸ್ತೀನಿ. ಅಪ್ಪಣೆ ಕೊಡಿ" ಎಂದಳು ವಾರಿಜಾ.

ಅವಳು ಮೋಟಾರಿನ ಪೆಟ್ಟಿಗೆ ತೆರೆದು, ಬಾಗಿಲಿನಿಂದ ಗುಂಡಿಗೆ ಬರುವ ದಪ್ಪ ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದಳು. "ಈಗ ಈ ಬಾಗಿಲಿಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಗುಂಡಿ ಒತ್ತಿದರೆ ಅದಕ್ಕೆ ಗೊತ್ತಾಗೋದಿಲ್ಲ. ಒಪ್ಪಿಗೆ ಕೊಡೋಕೂ ಆಗೋದಿಲ್ಲ. ಪುಸ್ತಕದ ಪ್ರಕಾರ ದೀಪ ಕೆಂಪಾಗೇ ಇರಬೇಕು. ತುಳಸಕ್ಕಾ, ನೀವೇ ಬನ್ನಿ. ಒತ್ತಿ."

ತುಳಸು ಕುಂಟುತ್ತ ಬಂದಳು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಹಸಿರು: ಇಳಿಯಬಹುದು' ಎಂದು ಬರೆದಿತ್ತು. ಒತ್ತಿದಳು.

ಹಸಿರು.

ಇನಾಯತುಲ್ಲಾ ಅವರು ಛತ್ರಿ ಮಡಚಿ ಗುಮಾಸ್ತನ ಕೈಗೆ ಕೊಟ್ಟು, ತಾವೇ ಒತ್ತಿ ನೋಡಿದರು. ವಾರಿಜಾಳ ಕೈಯಲ್ಲಿದ್ದ ಕಿತ್ತ ಕೇಬಲನ್ನು ನೋಡಿದರು. ಮತ್ತೆ ಒತ್ತಿದರು.

"ಸರ್, ಅದು ಬರೀ ಸೂಚನೆ" ಎಂದು ಮುರಗೋಡ ಮುಂದೆ ಬಂದರು. "ನಿಮ್ಮ ಕರೆ ನಮಗೆ ಮುಟ್ಟಿದೆ, ಅನ್ನೋ ಅರ್ಥದಲ್ಲಿ."

"ಇಲ್ಲಿ 'ಇಳಿಯಬಹುದು' ಅಂತ ಬರೆದಿದೆ ಮುರಗೋಡರೇ. ಮುಟ್ಟಿದೆ ಅಂತ ಬರೆದಿಲ್ಲ. ಮುಟ್ಟಿಯೂ ಇಲ್ಲ." ಅವರ ದನಿ ಏರಲಿಲ್ಲ, ಆದರೆ ಮುರಗೋಡ ಒಂದು ಹೆಜ್ಜೆ ಹಿಂದೆ ಸರಿದರು. "ಯಾರು ಈ ದೀಪಕ್ಕೆ ಹೀಗೆ ಹತ್ತು ಅಂತ ಹೇಳಿದ್ದು?"

"ಮಾಡಿಸಿದವರು ಇವರು" ಎಂದಳು ವಾರಿಜಾ. "ಮಾಡಿದವಳು ನಾನು."

ಊರವರ ನಡುವಿನಿಂದ ಒಂದು ಗುಸುಗುಸು ಎದ್ದು ಸತ್ತಿತು. ತುಳಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನೆ ನಮ್ಮ ಜಗುಲಿ ಮೇಲೆ ಕೂತಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನ ಕಣ್ಣೇ ಸುಳ್ಳೇನ ಅಂತ ನಾ ಹೇಳ್ದಾಗ, ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ."

"ಅಕ್ಕ ಅನ್ಬೇಡಿ." ತುಳಸುವಿನ ಊರುಗೋಲು ಕಲ್ಲಿನ ಮೇಲೆ ಟಕ್ಕೆಂದಿತು. "ಮೂರು ತಿಂಗ್ಳು ನನ್ನ ಸುಳ್ಳಿ ಅಂದ್ರು. ಪೊಲೀಸ್ರು ಅಂದ್ರು, ವಕೀಲ್ರು ಅಂದ್ರು, ನನ್ನ ಜತೆಗೆ ಇಪ್ಪತ್ತು ವರ್ಷ ಕೆಸ್ರಲ್ಲಿ ನಿಂತೋರು ಅಂದ್ರು. ಮಾಸ್ತಿ ಕಟ್ಟೆ ಮುಟ್ಟಿ ಆಣೆ ಮಾಡ್ತೆ ಅಂದ್ರೆ ಈ ವಕೀಲ್ರು ನಕ್ರು. ಈಗ ನಗಿ ವಕೀಲ್ರೆ! ನಗಿ ನೋಡ್ವ!"

ವಕೀಲರು ಹಾಳೆಗಳನ್ನು ಜೋಡಿಸತೊಡಗಿದರು. ಇನಾಯತುಲ್ಲಾ ಅವರು ಗುಮಾಸ್ತನತ್ತ ತಿರುಗಿ, "ಬರೀರಿ. ತುಳಸು ಅಂಬಿಗ ಅವರ ಹೇಳಿಕೆ ಮೊದಲಿಂದಲೂ ನಿಜವಾಗಿತ್ತು..." ಎಂದು ಹೇಳಹೊರಟರು.

"ತಡೀರಿ ಸಾಹೇಬ್ರೆ" ಎಂದಳು ತುಳಸು. ಅವಳ ಮುಖ ಒಮ್ಮೆಲೆ ಬೇರೆಯಾಗಿತ್ತು. ಕೆಸರು ತೋರುತ್ತಿದ್ದ ಹೊಳೆಯನ್ನು, ಆಮೇಲೆ ವಾರಿಜಾಳನ್ನು ನೋಡಿದಳು. "ಈ ದೀಪ ಎಷ್ಟು ಬಾಗಿಲಿಗೆ ಉಂಟು?"

"ಎಲ್ಲಕ್ಕೂ. ನೂರಾ ಹದಿನೆಂಟಕ್ಕೂ."

"ಎಲ್ಲಾ ಹಿಂಗೇಯಾ?"

"ಎಲ್ಲಾ ಹೀಗೇ."

"ಈಗ ಇಳ್ತ. ಎಲ್ಲಾ ಕಡೆ ಇಳ್ತ" ಎಂದಳು ತುಳಸು. "ಈಗ ಎಷ್ಟು ಜನ ಕೆಳ್ಗೆ ಇದ್ರು?"

ಮೂರು ತಿಂಗಳು ಪೊಲೀಸರು, ವಕೀಲರು, ಕಂಪನಿ ಎಲ್ಲರೂ ಸೆಕೆಂಡುಗಳನ್ನು ಹಿಡಿದು ಜಗ್ಗಾಡಿದ್ದರು. ತಾನೂ ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದು ನಾಳೆ ಏನು ಹೇಳಲಿ ಎಂಬುದನ್ನೇ. ಇಷ್ಟು ಓದಿದವರಲ್ಲಿ ಒಬ್ಬರಾದರೂ, ಅದೇ ದೀಪವನ್ನು ನಂಬಿ ಇವತ್ತೂ ಹೆಂಗಸರು ಇಳಿಯುತ್ತಿದ್ದಾರೆ ಎಂದು ಎಣಿಸಿರಲಿಲ್ಲ. ಎಣಿಸಿದವಳು ಕಾಲು ಕಳೆದುಕೊಂಡವಳು.

"ನನ್ನ ಹೆಸ್ರು ಆಮೇಲೆ ಬರೀಲಿ" ಎಂದಳು ತುಳಸು. "ಮೊದ್ಲು ಅವ್ರನ್ನ ಮೇಲೆ ಹತ್ಸಿ."

ವಾರಿಜಾ ನಿಯಂತ್ರಣ ಕೊಠಡಿಗೆ ಫೋನು ಹಚ್ಚಿ ಧ್ವನಿಯನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. "ಚೆನ್ನಬಸು, ಎಲ್ಲ ಬಾಗಿಲಿನ ಮೋಟಾರಿನ ಕರೆಂಟು ಕಡಿ. ಈಗಲೇ. ನೂರಾ ಹದಿನೆಂಟೂ."

"ವಾರಿಜಾ!" ಮುರಗೋಡ ಅವಳ ಕೈ ಹಿಡಿಯಲು ಬಂದರು. "ತಲೆ ಕೆಟ್ಟಿದೆಯಾ? ಎರಡು ಗಂಟೆ ಹೊತ್ತಿಗೆ ಉಬ್ಬರ ಏರಿರುತ್ತೆ. ಬಾಗಿಲು ಬೀಳದಿದ್ರೆ ಉಪ್ಪುನೀರು ಸಾವಿರಾರು ಎಕರೆಗೆ ನುಗ್ಗುತ್ತೆ!"

"ಕೈಚಕ್ರ ಉಂಟಲ್ಲ, ತಿರುಗ್ಸಿ ಮುಚ್ತ್ರು" ಎಂದಳು ಹಿಂದಿನಿಂದ ದೇವಮ್ಮ. "ಮುಚ್ಚೂಕಾಗ್ದಿದ್ರೆ ಹೋಗ್ಲಿ. ಭತ್ತ ಮುಂದಿನ ವರ್ಷ ಮತ್ತೆ ಬೆಳೀತದೆ. ಕಾಲು ಬೆಳೀತದ್ಯಾ, ಕೇಳು ನಿನ್ನ ಕಂಪ್ಯೂಟ್ರಿಗೆ."

ಫೋನಿನಲ್ಲಿ ಚೆನ್ನಬಸು ಅನುಮಾನಿಸುತ್ತಿದ್ದ. "ಮೇಡಂ, ಎಲ್ಲಾ ಒಟ್ಟಿಗೆ ನಿಲ್ಲಿಸ್ಬೇಕಂದ್ರ ಕಾರಣ ಆರಿಸು ಅಂತದ. ಚಂಡಮಾರುತ, ವಿದ್ಯುತ್ ದೋಷ, ಇಲಾಖೆ ಆದೇಶ. ಯಾವುದು ಒತ್ತಲಿ?"

"ಯಾವುದೂ ಅಲ್ಲ."

"ಯಾವುದಾರ ಒಂದು ಒತ್ತದ ಮುಂದ ಹೋಗಂಗಿಲ್ರೀ."

"ಇತರೆ ಅಂತ ಇದೆಯಾ? ಅದನ್ನ ಒತ್ತಿ ನನ್ನ ಹೆಸರು ಬರಿ. ಕಾರಣ ಅದೇ."

ಕಟ್ಟೆಯ ಮೇಲೆ ಇಷ್ಟು ಹೊತ್ತೂ ಗುನುಗುತ್ತಿದ್ದ ಪಕ್ಕದ ನಲವತ್ತೆರಡನೇ ಬಾಗಿಲಿನ ಮೋಟಾರು ಥಟ್ಟನೆ ಸುಮ್ಮನಾಯಿತು. ಅದು ಅಲ್ಲಿಯವರೆಗೆ ಸದ್ದು ಮಾಡುತ್ತಿತ್ತೆಂಬುದು ಆಗಲೇ ಎಲ್ಲರಿಗೂ ಗೊತ್ತಾದದ್ದು.

"ನಿಂತಾವ ಮೇಡಂ. ಎಲ್ಲಾ ನಿಂತಾವ."

"ಯಾವ ಬಾಗಿಲಲ್ಲಿ ಜನ ಇಳಿದಿದ್ದಾರೆ ನೋಡು. ಫೋನ್ ಮಾಡು, ದಡದ ಗಂಟೆ ಬಾರಿಸು, ಎಲ್ಲರನ್ನೂ ಮೇಲೆ ಕರೆ."

ಕಾದರು. ಇನಾಯತುಲ್ಲಾ ಅವರ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ದೇವಮ್ಮ ಊರದೇವತೆ ಮಾಸ್ತಿಯ ಕಟ್ಟೆಯ ದಿಕ್ಕಿಗೆ ತಿರುಗಿ ಕೈಮುಗಿದಳು. ಹತ್ತು ನಿಮಿಷ ಕಳೆದ ಮೇಲೆ ಚೆನ್ನಬಸುವಿನ ದನಿ ಬಂತು.

"ಹದಿನಾರು ಬಾಗಿಲಾಗ ಮಂದಿ ಇದ್ರು. ಎಲ್ಲಾರೂ ಮ್ಯಾಲ ಬಂದಾರ. ಮೇಡಂ, ಅದರಾಗ ಎರಡು ಬಾಗಿಲು ಮುಚ್ಚಾಕ ಆಗಲೇ ತೀರ್ಮಾನ ಮಾಡಿಬಿಟ್ಟಿದ್ವು. ಒಪ್ಪಿಗಿ ಕಾಯಾಕತ್ತಿದ್ವು."

ಮುರಗೋಡ ಕಟ್ಟೆಯ ಕಲ್ಲಿನ ಮೇಲೆ ಕುಳಿತರು.

"ಆ ಎರಡ್ರಲ್ಲಿ ಇದ್ದೋರು ಯಾರು? ಅವ್ರ ಹೆಸ್ರೇನು?" ಎಂದು ತುಳಸು ಫೋನಿಗೆ ಬಾಗಿ ಕೇಳಿದಳು.

"ಹೆಸರು ಇಲ್ಲಕ್ಕ. ಇಲ್ಲಿ ಬರೀ 'ಒಬ್ಬರು' ಅಂತ ತೋರಸ್ತದ. ಎರಡರಾಗೂ 'ಒಬ್ಬರು'."

ತುಳಸು ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಳು. ಕಣ್ಣು ತುಂಬಿದ್ದನ್ನು ಸೆರಗಿನಿಂದ ಒರೆಸಿಕೊಂಡಳು. ವಾರಿಜಾಳತ್ತ ನೋಡಲಿಲ್ಲ, ಗುಮಾಸ್ತನತ್ತ ನೋಡಿದಳು. ಅವನ ಪೆನ್ನು ಅರ್ಧ ಸಾಲಿನಲ್ಲಿ ನಿಂತಿತ್ತು.

"ಹ್ಞೂಂ" ಎಂದಳು. "ಈಗ ಬರ್ಕಳಿ. ನಾ ಹೇಳ್ತೆ."